ಜಾಂಬೇಜಿಯಾ ಯಾವ ಹೋಬಳಿಗೆ ಬರುತ್ತದೆ?

ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಕೂತವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಂದು ಪಕ್ಕದಲ್ಲಿ ಕೂರುತ್ತದೆ. ಕಷ್ಟವೆಂದರೆ ಆ ಹೊತ್ತಿಗೆ ನಗುವ ಸ್ಥಿತಿಯಲ್ಲಿ ನಾವಿರುವುದಿಲ್ಲ. ನಾನು ಇಪ್ಪತ್ತು ವರ್ಷದಿಂದ ಕೂತವನು. ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರು ಕಡೆಯ ಬೆಂಚುಗಳಲ್ಲಿ ಯಾವುದರ ಯಾವ ಕಾಲು ಅಲುಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಶಾಲೆ ಏಳನೆಯ ಕ್ಲಾಸಿಗೇ ಮುಗಿಯಿತು. ಕಾನೂನು ಕಲಿತದ್ದು ಬೊಂಬಾಯಿಯ ಕ್ಯಾಂಟೀನಿನಲ್ಲಿ, ವಡೆ ಕಟ್ಟಿಕೊಡಲು ತಂದ ಹಳೆಯ ಪೇಪರು ಓದಿ. ಊರಿಗೆ ಬಂದ ಮೇಲೆ ಬಡವರ ಅರ್ಜಿ ಬರೆಯುತ್ತೇನೆ. ಅರ್ಜಿಗೆ ಉತ್ತರ ಬಾರದಿದ್ದರೆ ಜಗಳ ಆಡುತ್ತೇನೆ. ಹಾಗಾಗಿ ಹೆಚ್ಚು ಮಾಡುವುದು ಜಗಳವೇ.

ಇಲ್ಲಿ ಹೇಳುವುದೆಲ್ಲ ಒಬ್ಬರೇ ಹೆಂಗಸಿನ ಒಂದೇ ಕಡತದಲ್ಲಿ ನಡೆದದ್ದು. ಅವರು ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವವರು. ನನಗಿಂತ ಆರು ವರ್ಷ ಚಿಕ್ಕವರು, ಆದರೂ ನಾನು ಅಕ್ಕ ಅನ್ನುತ್ತೇನೆ, ಅವರು ನನ್ನನ್ನು ಅಣ್ಣಯ್ಯ ಅನ್ನುತ್ತಾರೆ. ನಮ್ಮ ಕಡೆ ಮರ್ಯಾದೆಗೆ ವಯಸ್ಸು ಕೇಳುವುದಿಲ್ಲ. ಅವರ ಗಂಡ ಬೀಜದ ಪರೀಕ್ಷಕ. ಗೋಣಿಯಿಂದ ಹಿಡಿಯಷ್ಟು ಕಚ್ಚಾ ಬೀಜ ತೆಗೆದು, ಕತ್ತರಿಸಿ, ತಿರುಳು ನೋಡಿ, ಈ ರಾಶಿ ಕೊಳ್ಳಬಹುದು, ಈ ರಾಶಿ ಬೇಡ ಎಂದು ಹೇಳುವ ಕೆಲಸ. ನಮ್ಮ ಕರಾವಳಿಯ ಕಾರ್ಖಾನೆಗಳಿಗೆ ನಮ್ಮ ಗುಡ್ಡೆಯ ಬೀಜ ಸಾಲದು. ಆಫ್ರಿಕದಿಂದ ಹಡಗಿನಲ್ಲಿ ಬರಬೇಕು. ಹಾಗೆ ಪ್ರತಿವರ್ಷ ಬೀಜದ ಕಾಲಕ್ಕೆ ಆತ ಮೊಜಾಂಬಿಕ್ ದೇಶಕ್ಕೆ ಹೋಗುತ್ತಿದ್ದ. ಒಂದು ವರ್ಷ ಅಲ್ಲಿ ಜ್ವರ ಬಂತು. ಐದು ದಿನದಲ್ಲಿ ಹೋದ. ಹೆಣ ತರಲು ಆಗಲಿಲ್ಲ, ಅಲ್ಲೇ ಮಣ್ಣು ಮಾಡಿದರು. ಅಕ್ಕನಿಗೆ ಬಂದದ್ದು ಒಂದು ಚೀಲ, ಒಂದು ವಾಚು, ಒಂದು ಮರಣ ಪತ್ರ.

ಅದೇ ವರ್ಷ ಅಕ್ಕನ ಮನೆಯ ಹೆಂಚಿನ ಮಾಡು ಕುಸಿಯಿತು. ದನದ ಹಟ್ಟಿಗೆ ತಾಗಿದ ಒಂದು ಕೋಣೆ ಉಳಿಯಿತು. ಪಂಚಾಯತಿಯವರು ಸರ್ಕಾರದ ಮನೆ ಕೊಡುತ್ತೇವೆ ಅಂದರು, ಜಾಗ ಅಕ್ಕನ ಹೆಸರಿಗೆ ಆಗಬೇಕು ಅಂದರು. ಜಾಗ ಸತ್ತವನ ಹೆಸರಿನಲ್ಲಿತ್ತು. ಅದು ಅಕ್ಕನ ಹೆಸರಿಗೆ ಬರಬೇಕಾದರೆ ಆತ ಸತ್ತಿದ್ದಾನೆ ಎಂದು ನಮ್ಮ ಕಚೇರಿ ಒಪ್ಪಬೇಕು. ಇಷ್ಟೇ ಕೇಸು.

ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳದಿದ್ದರೆ ಮೂರೂ ತಾಲೂಕಿನವರು ಇದು ಪಕ್ಕದ ತಾಲೂಕಿನ ಕತೆ ಎಂದು ನೆಮ್ಮದಿಯಾಗಿ ಓದಬಹುದು.

೧. ಪಟ್ಟಿಯಲ್ಲಿ ಇಲ್ಲದ ಊರು

ಮೊದಲ ದಿನ ಗುಮಾಸ್ತ ಮರಣ ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ, ಮೀನು ಹಳತೋ ಹೊಸತೋ ನೋಡುವವರ ಹಾಗೆ.

"ಇದೆಂತ ಭಾಷೆ?"

"ಪೋರ್ಚುಗೀಸ್. ಹಿಂದಿನ್ ಹಾಳೆಲಿ ರಾಯಭಾರ ಕಚೇರಿಯ ಇಂಗ್ಲಿಷ್ ಅನುವಾದ ಇತ್ತ್, ಸೀಲ್ ಸಮೇತ," ಅಂದೆ.

"ಪೋರ್ಚುಗೀಸ್ ಆದ್ರೆ ಗೋವಾಕ್ಕೆ ಕೊಂಡ್ಹೋಯ್ನಿ."

"ಸತ್ತದ್ದ್ ಗೋವಾದಲ್ಲ್ ಅಲ್ಲ ಮಾರಾಯ್ರೆ, ಆಫ್ರಿಕದಲ್ಲ್."

ಆತ ಕಂಪ್ಯೂಟರ್ ಕಡೆ ತಿರುಗಿದ. ರಾಜ್ಯ, ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಎಂದು ಐದು ಚೌಕ. ಒಂದೊಂದನ್ನೂ ಒತ್ತಿದರೆ ಕೆಳಗೆ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಅದರಲ್ಲಿ ಇದ್ದದ್ದನ್ನು ಆರಿಸಬೇಕು, ಬರೆಯಲು ಬರುವುದಿಲ್ಲ. ಆತ ಒತ್ತಿದ, ನೋಡಿದ, ಮತ್ತೆ ಒತ್ತಿದ. ಕಡೆಗೆ ಅಕ್ಕನ ಕಡೆ ತಿರುಗಿ, ತಪ್ಪೆಲ್ಲ ಅವರ ಮನೆಯವರದ್ದೇ ಎನ್ನುವ ಹಾಗೆ ಹೇಳಿದ:

"ಕಾಣಿ ಅಕ್ಕ, ಪಟ್ಟಿಲಿ ಇಲ್ದಿದ್ ಊರಲ್ಲ್ ಹೋಯಿ ಸತ್ರೆ ನಾವ್ ಎಂತ ಮಾಡುದ್? ಪಟ್ಟಿಲಿ ಇದ್ದದ್ದ್ ಯಾವ್ದಾರೂ ಊರ್ ಹೇಳಿ."

ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಹೇಳಿದರು, ಸಿಟ್ಟಿಲ್ಲದೆ, ಬಹಳ ಸಣ್ಣ ಸ್ವರದಲ್ಲಿ:

"ಆಯ್ತ್. ಮುಂದಿನ್ ಸಲ ಸಾಯ್ವತಿಗೆ ನಿಮ್ಮ್ ಪಟ್ಟಿ ಕಂಡ್ಕಂಡೇ ಸಾಯಿನಿ ಅಂದ್ ಹೇಳ್ತೆ."

೨. ಒಂದು ಚೌಕ ಖಾಲಿ

ಗುಮಾಸ್ತನಿಗೆ ಆ ದೇಶ ಗೊತ್ತಿಲ್ಲ, ಸರಿ. ನನಗಾದರೂ ಎಂತ ಗೊತ್ತಿತ್ತು? ಜಗಳ ಆಡುವವನು ಕಲಿತು ಆಡಬೇಕು. ಹೈಸ್ಕೂಲಿನ ಮಾಸ್ತರರೊಬ್ಬರನ್ನು ಹಿಡಿದು ಭೂಪಟ ತೆಗೆಸಿದೆ. ಅದರಲ್ಲಿ ಆ ಇಡೀ ದೇಶ ನನ್ನ ಹೆಬ್ಬೆರಳಿನಷ್ಟು. ಮತ್ತೆ ಮೊಬೈಲಿನಲ್ಲಿ ಹದಿನೈದು ದಿನ ಕೂತೆ.

ಜಾಂಬೇಜಿಯಾ ಎಂಬುದು ಮೊಜಾಂಬಿಕಿನ ಒಂದು ಪ್ರಾಂತ್ಯ. ನಮ್ಮ ಕರ್ನಾಟಕದ ಅರ್ಧಕ್ಕಿಂತ ದೊಡ್ಡದು. ದಕ್ಷಿಣದ ಗಡಿಯಲ್ಲಿ ಜಾಂಬೇಜಿ ಎಂಬ ಮಹಾನದಿ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಕಡಲು. ಕಡಲ ಬದಿಗೆ ತೆಂಗು, ಗದ್ದೆ, ಉಪ್ಪುನೀರಿನ ಹಿನ್ನೀರು, ಮೀನು, ಗೇರುಮರ. ಒಳಗೆ ಹೋದ ಹಾಗೆ ನೆಲ ಏರುತ್ತದೆ; ಗುರುವೆ ಎಂಬ ಕಡೆ ಬೆಟ್ಟ, ಬೆಟ್ಟದ ಮೇಲೆ ಚಹಾ ತೋಟ. ಮರವಂತೆಯ ಕಡಲ ಬದಿಯಿಂದ ಹೊರಟು ಘಟ್ಟ ಹತ್ತಿದರೆ ಕಾಣುವುದೆಲ್ಲ ಅಲ್ಲೂ ಇದೆ, ನಮ್ಮದರ ಹತ್ತು ಪಾಲು ದೊಡ್ಡದಾಗಿ. ಕಡಲು ಮಾತ್ರ ನಮಗೆ ಪಡುವಣ, ಅವರಿಗೆ ಮೂಡಣ. ಪ್ರಾಂತ್ಯದ ರಾಜಧಾನಿ ಕೆಲಿಮಾನೆ, ನದಿಯ ದಂಡೆಯ ಪೇಟೆ. ಅಲ್ಲಿ ಸೈಕಲ್ಲೇ ಟ್ಯಾಕ್ಸಿ, ಹಿಂದಿನ ಸೀಟಿನಲ್ಲಿ ಕೂತು ಹೋಗುವುದು ಎಂದು ಅಕ್ಕನ ಗಂಡ ಫೋನಿನಲ್ಲಿ ಹೇಳುತ್ತಿದ್ದನಂತೆ. ನೆಲದ ಮೇಲೆ ಇರುವುದೆಲ್ಲ ನಮಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಕಾಗದದ ಮೇಲೆ ಇರುವುದು.

ಅದನ್ನೂ ಕಲಿತೆ. ದೇಶದ ಕೆಳಗೆ ಪ್ರಾಂತ್ಯ, ಪ್ರಾಂತ್ಯದ ಕೆಳಗೆ ಜಿಲ್ಲೆ, ಜಿಲ್ಲೆಯ ಕೆಳಗೆ ಆಡಳಿತ ಠಾಣೆ, ಅದರ ಕೆಳಗೆ ಊರು. ಒಂದೊಂದಕ್ಕೂ ಒಬ್ಬೊಬ್ಬ ಮುಖ್ಯಸ್ಥ. ನಾನು ಬಿಳಿ ಹಾಳೆಯಲ್ಲಿ ಗೆರೆ ಹೊಡೆದು ಕೋಷ್ಟಕ ಮಾಡಿದೆ. ಪ್ರಾಂತ್ಯ ಅಂದರೆ ನಮ್ಮ ರಾಜ್ಯ ಎಂದು ಹಿಡಿಯಿರಿ. ಜಿಲ್ಲೆ ಜಿಲ್ಲೆಯೇ. ಠಾಣೆ ನಮ್ಮ ಹೋಬಳಿ. ಊರು ಗ್ರಾಮ. ಸಾಲಿಗ್ರಾಮದಲ್ಲಿ ಬಸ್ಸಿಳಿದು ಜೆರಾಕ್ಸ್ ಮಾಡಿಸಿ, ಎದೆ ಉಬ್ಬಿಸಿಕೊಂಡು ಕಚೇರಿಗೆ ಹೋದೆ.

ಗುಮಾಸ್ತ ಹಾಳೆಯ ಮೇಲೆ ಬೆರಳಿಟ್ಟು ಎಣಿಸಿದ. "ಅಲ್ಲ್ ನಾಕೇ ಇತ್ತಲೆ. ನಮ್ಗೆ ಐದ್ ಬೇಕ್. ತಾಲೂಕ್ ಎಲ್ಲಿ?"

"ತಾಲೂಕ್ ಇಲ್ಲೆ."

"ಇಲ್ಲೆ ಅಂದ್ರೆ?"

"ಇಲ್ಲೆ ಅಂದ್ರೆ ಇಲ್ಲೆ. ಅಷ್ಟ್ ದೊಡ್ಡ ಪ್ರಾಂತ್ಯ, ನಾಕ್ ಮೆಟ್ಟ್ಲಲ್ಲ್ ನಡಿತ್. ನಿಮ್ಗೆ ಮಾತ್ರ ಐದ್ ಎಂತಕೆ?" ನನ್ನ ಭಾಷಣ ಶುರುವಾಗಿತ್ತು. ಪಕ್ಕದ ಮೇಜಿನವರೂ ತಲೆ ಎತ್ತಿದರು.

ಗುಮಾಸ್ತ ಪಾಪ, ನನ್ನ ಭಾಷಣಕ್ಕೆ ಸಿಟ್ಟಾಗಲಿಲ್ಲ. ಆತ ನಿಜವಾಗಿಯೂ ಆಲೋಚನೆಗೆ ಬಿದ್ದಿದ್ದ. ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿ, ತೀರಾ ಪ್ರಾಮಾಣಿಕವಾಗಿ ಕೇಳಿದ:

"ಅಲ್ಲ ಅಣ್ಣಯ್ಯ, ತಾಲೂಕ್ ಆಫೀಸೇ ಇಲ್ದಿದ್ರೆ ಅಲ್ಲಿನ್ ಜನ ಅಲೆದಾಡೂದ್ ಎಲ್ಲಿಗೆ?"

೩. ಎರಡು ಜಿಲ್ಲೆ, ಒಂದು ಸಾವು

ಕಡತ ಮೇಲಿನವರಿಗೆ ಹೋಯಿತು. ಶಿರಸ್ತೇದಾರರು ಓದಿದವರು, ಕನ್ನಡಕದವರು. ಓದಿದವರ ತೊಂದರೆ ಬೇರೆ ತರಹದ್ದು. ಅವರು ಮರಣ ಪತ್ರವನ್ನೂ ಗಂಡನ ಹಳೆಯ ಕೆಲಸದ ಪರವಾನಗಿಯನ್ನೂ ಪಕ್ಕ ಪಕ್ಕ ಇಟ್ಟು ತಪ್ಪು ಹಿಡಿದೇಬಿಟ್ಟರು.

"ಪರವಾನಗಿಯಲ್ಲಿ ಜಿಲ್ಲೆ ಮಗಾಂಜ ದ ಕೋಸ್ತ ಎಂದಿದೆ. ಮರಣ ಪತ್ರದಲ್ಲಿ ಮೊಕುಬೆಲ ಎಂದಿದೆ. ಕೆಲಸ ಒಂದು ಜಿಲ್ಲೆಯಲ್ಲಿ, ಸಾವು ಇನ್ನೊಂದು ಜಿಲ್ಲೆಯಲ್ಲಿ. ಆದರೆ ಎರಡರಲ್ಲೂ ಬಜೋನೆ ಎಂಬ ಒಂದೇ ಠಾಣೆ. ಒಂದು ಠಾಣೆ ಎರಡು ಜಿಲ್ಲೆಯಲ್ಲಿ ಹೇಗಿರಲು ಸಾಧ್ಯ? ಯಾವುದೋ ಒಂದು ಖೋಟಾ."

"ಸರ್, ಖೋಟಾ ಅಲ್ಲ. ಪಾಲಾದದ್ದ್. ದೊಡ್ಡ ಜಿಲ್ಲೆ ಒಡೆದ್ ಹೊಸ ಜಿಲ್ಲೆ ಮಾಡಿರ್. ಬಜೋನೆ ಹೊಸದಕ್ಕೆ ಸೇರಿತ್. ಜಾಗ ಅಲ್ಲೇ ಇತ್ತ್, ಬೋರ್ಡ್ ಬದ್ಲಾಯ್ತ್. ನಮ್ಮ ಕುಂದಾಪುರ ಒಡೆದ್ ಬೈಂದೂರ್ ಆದ್ಹಾಂಗೆ, ಉಡುಪಿ ಒಡೆದ್ ಬ್ರಹ್ಮಾವರ ಆದ್ಹಾಂಗೆ."

"ಅದು ಬೇರೆ, ಇದು ಬೇರೆ."

"ಎಂತ ಬೇರೆ?"

"ನಮ್ಮದು ಗೆಜೆಟ್‌ನಲ್ಲಿ ಬಂದಿದೆ."

ಗೆಜೆಟ್ ಅವರಿಗೂ ಇದೆ ಎಂದೆ. ತನಗೆ ತೋರಿಸಿ ಅಂದರು. ತೋರಿಸಿದರೆ ಪೋರ್ಚುಗೀಸಿನಲ್ಲಿದೆ ಅಂದರು. ಕಡೆಗೆ ನಾನು ಮೇಜಿಗೆ ಗುದ್ದಿ, ಆಗುವುದಿಲ್ಲ ಎಂದಾದರೆ ಅದನ್ನೇ ಬರೆದು ಕೊಡಿ ಅಂದೆ. ಇದು ನನ್ನ ಒಂದೇ ಆಯುಧ. ಬಾಯಲ್ಲಿ ಆಗುವುದಿಲ್ಲ ಅಂದವರನ್ನು ಕಾಗದದಲ್ಲಿ ಆಗುವುದಿಲ್ಲ ಎನ್ನಿಸಬೇಕು. ಕಾಗದ ಹಿಡಿದು ಮೇಲಿನವರ ಹತ್ತಿರ ಹೋಗಬಹುದು, ಬಾಯಿಮಾತು ಹಿಡಿದು ಹೋಗಲಾಗುವುದಿಲ್ಲ.

ಅವರೂ ಹಟದವರು, ಅಲ್ಲೇ ಟೈಪ್ ಮಾಡಿಸಿದರು: "ಸದರಿ ಜಿಲ್ಲೆಯು ಹಳೆಯ ದಾಖಲೆಗಳಲ್ಲಿ ಕಂಡುಬಾರದ ಕಾರಣ, ಇತ್ತೀಚೆಗೆ ಹೆಸರು ಬದಲಾಗಿದೆ ಎಂಬ ಅರ್ಜಿದಾರರ ವಾದವನ್ನು ಒಪ್ಪಲಾಗುವುದಿಲ್ಲ."

ಸಹಿ ಹಾಕಿದರು. ಮೊಹರು ಒತ್ತಿದರು. ಮೊಹರಿನಲ್ಲಿ ಇದ್ದದ್ದು ಹಳೆಯ ತಾಲೂಕಿನ ಹೆಸರು. ಅದನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಹೊಸ ತಾಲೂಕಿನ ಹೆಸರನ್ನು ಕೈಯಲ್ಲೇ ಚೊಕ್ಕವಾಗಿ ಬರೆದು ನನಗೆ ಕೊಟ್ಟರು.

೪. ಗೋಣಿ

ಇದರಲ್ಲಿ ನಗು ಕಡಿಮೆ. ಆದರೂ ಹೇಳಬೇಕು.

ಆ ಉತ್ತರ ಹಿಡಿದುಕೊಂಡು ಅಕ್ಕನನ್ನು ನೋಡಲು ಕಾರ್ಖಾನೆಗೆ ಹೋದೆ. ಊಟದ ಬಿಡುವು. ಬೀಜದ ಚೊಗರು ತಾಗಿ ಕಪ್ಪಾದ ಕೈಗೆ ಬೂದಿ ಉಜ್ಜಿಕೊಳ್ಳುತ್ತಾ ಅಕ್ಕ ಹೊರಗೆ ಬಂದರು. ಗೇಟಿನ ಬಳಿ ಲಾರಿ ನಿಂತಿತ್ತು, ಕಚ್ಚಾ ಬೀಜದ ಗೋಣಿ ಇಳಿಯುತ್ತಿತ್ತು. ಗೋಣಿಯ ಮೇಲೆ ನೀಲಿ ಅಕ್ಷರದಲ್ಲಿ ಮೊಜಾಂಬಿಕ್ ಎಂದೂ ಅದರ ಕೆಳಗೆ ಜಾಂಬೇಜಿಯಾ ಎಂದೂ ಅಚ್ಚು.

"ಈ ಅಕ್ಷರ ನಂಗೆ ಗೊತ್ತಿತ್ತ್ ಅಣ್ಣಯ್ಯ," ಅಂದರು ಅಕ್ಕ. "ಓದೂಕ್ ಬತ್ತಿಲ್ಲೆ. ಆರೆ ಗೊತ್ತಿತ್ತ್. ಅವ್ರ್ ಇದ್ದಾಗ ಈ ಗೋಣಿ ಬಂದ್ರೆ, ಇದ್ ಅವ್ರ್ ಕಂಡ್ ಕಳ್ಸದ್ದ್ ಅಂದ್ ಎಣ್ಸ್ಕಂತಿದ್ದೆ. ಈಗ ಬೇರೆ ಯಾರೋ ಕಂಡ್ ಕಳ್ಸ್ತ್ರ್. ಬೀಜ ಮಾತ್ರ ಹಾಂಗೇ ಇತ್ತ್."

ಜಗಳ ಆಡುವವನಿಗೆ ಎದುರು ಜಗಳ ಆಡುವವರು ಬೇಕು. ಇಲ್ಲಿ ಯಾರೂ ಇರಲಿಲ್ಲ.

ನಾನು ಉತ್ತರದ ಕಾಗದ ಓದಿ ಹೇಳಿದೆ. ಅಂಥ ಜಿಲ್ಲೆ ಇಲ್ಲ ಎಂದು ಬರೆದಿದ್ದಾರೆ ಅಂದೆ. ಅಕ್ಕ ಗೋಣಿಯ ರಾಶಿಯ ಕಡೆ ನೋಡಿದರು. ಆಳೆತ್ತರದ ರಾಶಿ. ಎರಡು ತಿಂಗಳಿಗೊಮ್ಮೆ ಬರುವ ಲಾರಿ. ಇಷ್ಟು ಗೋಣಿಗೂ ಬಂದರಿನಲ್ಲಿ ಸುಂಕದವರು, ದಾರಿಯಲ್ಲಿ ಚೆಕ್‌ಪೋಸ್ಟಿನವರು ಸೀಲು ಒತ್ತಿದ್ದಾರೆ. ಎಲ್ಲಿಂದ ಬಂದದ್ದು ಎಂದು ಕೇಳಿ, ಜಾಂಬೇಜಿಯಾ ಅಂದರೆ ಒಪ್ಪಿ, ಒಳಗೆ ಬಿಟ್ಟಿದ್ದಾರೆ. ಇದನ್ನೆಲ್ಲ ನಾನು ಸಿಟ್ಟಿನಿಂದ ಹೇಳಿದೆ.

ಅಕ್ಕ ಕೈಯ ಬೂದಿ ಕೊಡವಿ, "ಹಾಂಗಾರೆ ತಪ್ಪ್ ನಮ್ದೇ," ಅಂದರು. "ಅವ್ರನ್ನ್ ಗೋಣಿಗ್ ತುಂಬ್ಸಿ ತರ್ಸಿದ್ರೆ ಯಾರೂ ಹೋಬಳಿ ಕೇಂತಿರ್ಲಿಲ್ಲೆ."

ಗೇಟಿನ ವಾಚ್‌ಮನ್ ನಕ್ಕ. ಅಕ್ಕನೂ ನಕ್ಕರು.

೫. ಬೇಗ ಬಂದ ಉತ್ತರ

ಜಾಂಬೇಜಿಯಾದ ಆಡಳಿತದಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಷಯ ಇದೆ. ಪ್ರಾಂತ್ಯದ ತಲೆಯ ಮೇಲೆ ಇಬ್ಬರು. ಒಬ್ಬರು ಚುನಾವಣೆಯಿಂದ ಬರುವ ಗವರ್ನರು. ಇನ್ನೊಬ್ಬರು ದೇಶದ ರಾಜಧಾನಿಯಿಂದ ನೇಮಕವಾಗಿ ಬರುವ ರಾಜ್ಯ ಕಾರ್ಯದರ್ಶಿ. ಯಾರಿಗೆ ಯಾವ ಕೆಲಸ ಎಂದು ಕಾನೂನಿನಲ್ಲಿ ಇದೆ. ನನಗೆ ಅದನ್ನು ಓದುವಷ್ಟು ತಾಳ್ಮೆ ಇರಲಿಲ್ಲ. ಇಬ್ಬರಿಗೂ ಅರ್ಜಿ ಹಾಕಿದೆ. ಎಲ್ಲಿ ಇಬ್ಬರು ದೊಡ್ಡವರಿರುತ್ತಾರೋ ಅಲ್ಲಿ ಒಬ್ಬರಾದರೂ ಇನ್ನೊಬ್ಬರಿಗಿಂತ ಮೊದಲು ಉತ್ತರ ಕೊಡುತ್ತಾರೆ ಎಂಬುದು ನಮ್ಮ ಊರಿನ ಶಾಸಕರನ್ನೂ ಉಸ್ತುವಾರಿ ಸಚಿವರನ್ನೂ ನೋಡಿ ನಾನು ಕಲಿತ ಪಾಠ.

ಅರ್ಜಿ ಕನ್ನಡದಲ್ಲಿ ಬರೆದೆ. ಹೈಸ್ಕೂಲಿನ ಮಾಸ್ತರರು ಇಂಗ್ಲಿಷ್ ಮಾಡಿದರು, ಮೊಬೈಲು ಪೋರ್ಚುಗೀಸ್ ಮಾಡಿತು. ನಾನು ಬರೆದ ಬೈಗುಳಗಳಲ್ಲಿ ಎಷ್ಟು ಸಮುದ್ರ ದಾಟಿದವು ಗೊತ್ತಿಲ್ಲ. ಗಂಡನ ಜೊತೆ ಕೆಲಸ ಮಾಡುತ್ತಿದ್ದ ಅಲ್ಲಿನವನೊಬ್ಬನ ನಂಬರು ಅಕ್ಕನ ಹತ್ತಿರ ಇತ್ತು, ಅವನಿಗೂ ಒಂದು ಪ್ರತಿ ಕಳಿಸಿದೆ.

ಮೂರನೆಯ ವಾರ ಉತ್ತರ ಬಂತು. ಗವರ್ನರಿಂದಲ್ಲ, ಕಾರ್ಯದರ್ಶಿಯಿಂದಲೂ ಅಲ್ಲ. ಅರ್ಜಿ ಇಳಿದು ಹೋಗಿ ಸೇರಿದ ಬಜೋನೆ ಠಾಣೆಯ ಮುಖ್ಯಸ್ಥರಿಂದ. ನಮ್ಮ ಲೆಕ್ಕದಲ್ಲಿ ಹೋಬಳಿಯ ಅಧಿಕಾರಿ. ಅವರು ಊರಿನ ಹಿರಿಯನೊಬ್ಬನನ್ನು ಕರೆದುಕೊಂಡು ಖುದ್ದು ಹೋಗಿ ಗೋರಿ ನೋಡಿದ್ದಾರೆ. ಮಳೆಯಲ್ಲಿ ದಾರಿ ಹೋಗಿದ್ದರಿಂದ ಕಡೆಯ ಭಾಗ ನಡೆದೇ ಹೋದೆವು ಎಂದು ಬರೆದಿದ್ದಾರೆ. ಗೋರಿ ಒಂದು ಗೇರುಮರದ ಬದಿಗಿದೆ, ಊರಿನವರು ಸುತ್ತ ಹುಲ್ಲು ತೆಗೆದು ಇಟ್ಟಿದ್ದಾರೆ, ಜಿಲ್ಲೆ ಒಡೆದದ್ದು ನಿಜ, ಈ ಊರು ಮೊದಲು ಮಗಾಂಜ ದ ಕೋಸ್ತದಲ್ಲಿತ್ತು, ಈಗ ಮೊಕುಬೆಲದಲ್ಲಿದೆ, ಸತ್ತವರ ಹೆಂಡತಿಗೆ ನಮ್ಮ ದುಃಖ ತಿಳಿಸಿ. ಸಹಿ, ಮೊಹರು. ಮೊಹರಿನಲ್ಲಿ ಹೊಸ ಜಿಲ್ಲೆಯ ಹೆಸರು, ಅಚ್ಚಿನಲ್ಲಿ.

ಅಕ್ಕನಿಗೆ ಓದಿ ಹೇಳಿದಾಗ ಹುಲ್ಲು ತೆಗೆದದ್ದರ ಸಾಲನ್ನು ಎರಡು ಸಲ ಓದಿಸಿದರು.

ನಾನು ಕಚೇರಿಗೆ ಓಡಿದೆ. ನಮ್ಮ ಕಚೇರಿಯಿಂದ ಅಕ್ಕನ ಬಿದ್ದ ಮನೆಗೆ ಡಾಂಬರು ರಸ್ತೆ ಇದೆ, ಬಸ್ಸಿದೆ. ಒಂದು ಸಲವೂ ಯಾರೂ ಬಂದು ನೋಡಿರಲಿಲ್ಲ. ಇದನ್ನೆಲ್ಲ ಕೂಗಿ ಹೇಳಬೇಕೆಂದೇ ಹೋಗಿದ್ದೆ. ಶಿರಸ್ತೇದಾರರು ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು, ಬೆಳಕಿಗೆ ಹಿಡಿದರು, ಮೊಹರನ್ನು ಉಗುರಿನಿಂದ ಕೆರೆದರು.

"ಅರ್ಜಿ ಹಾಕಿದ್ದು ಯಾವಾಗ?"

"ಹೋದ್ ತಿಂಗ್ಳ್."

"ಉತ್ತರ ಬಂದದ್ದು?"

"ಈ ತಿಂಗ್ಳ್."

ಅವರು ಪತ್ರವನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದರು. "ನೀವು ತಪ್ಪು ತಿಳಿಯಬೇಡಿ. ನನಗೆ ಮೂವತ್ತು ವರ್ಷ ಸರ್ವೀಸು. ಇಷ್ಟು ಬೇಗ ಬಂದದ್ದು ನೋಡಿದರೆ ಇದು ಸರ್ಕಾರಿ ಪತ್ರ ಅಲ್ಲ."

೬. ನಮ್ಮ ಊರನ್ನು ಸೇರಿಸಬೇಡಿ

ಆ ಮೇಲೆ ಉಳಿದದ್ದು ಧರಣಿ. ಪಂಚಾಯತಿಯ ಮನೆ ಪಟ್ಟಿ ಮುಗಿಯಲು ಹತ್ತು ದಿನ ಇತ್ತು. ಆ ಹತ್ತು ದಿನದಲ್ಲಿ ಜಾಗ ಅಕ್ಕನ ಹೆಸರಿಗೆ ಬಾರದಿದ್ದರೆ ಮುಂದಿನ ಪಟ್ಟಿ ಯಾವ ವರ್ಷವೋ. ಅಕ್ಕ ಆ ಹಟ್ಟಿಯ ಕೋಣೆಯಲ್ಲಿ ಎರಡು ಮಳೆಗಾಲ ಕಳೆದಾಗಿತ್ತು.

ಕಚೇರಿಯ ಎದುರಿನ ಅಶ್ವತ್ಥ ಕಟ್ಟೆಯ ಮೇಲೆ ಬೆಳಿಗ್ಗೆ ಒಬ್ಬನೇ ಕೂತೆ. ಹಿಂದಿನ ದಿನ ಕುಂಭಾಶಿಯ ಬೋರ್ಡ್ ಬರೆಯುವವನ ಹತ್ತಿರ ಬ್ಯಾನರು ಬರೆಸಿದ್ದೆ. ಆತ ಅಕ್ಷರ ದೊಡ್ಡದು ಮಾಡಬೇಕೆಂದು ಮಾತು ಕಡಿಮೆ ಮಾಡಿಬಿಟ್ಟ. ನಾನು ಬರೆದುಕೊಟ್ಟದ್ದು, "ಮೊಜಾಂಬಿಕ್ ದೇಶದ ಜಾಂಬೇಜಿಯಾ ಪ್ರಾಂತ್ಯದ ಮೊಕುಬೆಲ ಜಿಲ್ಲೆ, ಬಜೋನೆ ಠಾಣೆಯಲ್ಲಿ ಆದ ಮರಣವನ್ನು ದಾಖಲಿಸಿ, ಬಡ ಹೆಂಗಸಿಗೆ ನ್ಯಾಯ ಕೊಡಿ." ಬ್ಯಾನರಿನಲ್ಲಿ ಬಂದದ್ದು: "ಜಾಂಬೇಜಿಯಾ ಪ್ರಾಂತ್ಯ, ಮೊಕುಬೆಲ ಜಿಲ್ಲೆ, ಬಜೋನೆ: ಕೂಡಲೇ ಒಪ್ಪಿಕೊಳ್ಳಿ!"

ತಪ್ಪು ನನ್ನದು. ಕಟ್ಟುವ ಮೊದಲು ಓದಬೇಕಿತ್ತು. ಸಿಟ್ಟಿನಲ್ಲಿ ಕಟ್ಟಿದೆ.

ಹತ್ತು ಗಂಟೆಗೆ ಬೊಂಬಾಯಿ ಅಜ್ಜ ಬಂದರು. ನಲವತ್ತು ವರ್ಷ ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ಬಂದವರು, ಊರಿನ ಯಾವ ಸುದ್ದಿಯೂ ಅವರನ್ನು ದಾಟಿ ಹೋಗುವುದಿಲ್ಲ. ಬ್ಯಾನರನ್ನು ಕೈ ಅಡ್ಡ ಹಿಡಿದು ಓದಿದರು.

"ಹ್ವಾಯ್, ಇದೆಂತ ಮಾರಾಯಾ? ಮತ್ತೊಂದ್ ಹೊಸ ಜಿಲ್ಲೆಯಾ?"

ನಾನು ಮೌನ ವ್ರತದಲ್ಲಿದ್ದೆ. ಧರಣಿಯ ಮೊದಲ ಎರಡು ಗಂಟೆ ಮಾತಾಡುವುದಿಲ್ಲ ಎಂದು ಘೋಷಿಸಿದ್ದೆ. ಕೈಯಲ್ಲಿ ಸನ್ನೆ ಮಾಡಿ ಅಲ್ಲ, ದೂರ, ಸಮುದ್ರದ ಆಚೆ ಎಂದು ತೋರಿಸಿದೆ.

"ಸಮುದ್ರದ್ ಬದಿ ಊರೆಲ್ಲ ಅದ್ಕೆ ಸೇರ್ಸೂದಾ?"

ನಾನು ಜೋರಾಗಿ ತಲೆ ಅಲ್ಲಾಡಿಸಿದೆ. ನಮ್ಮ ಕಡೆ ತಲೆ ಅಲ್ಲಾಡಿಸಿದ್ದನ್ನು ಹೌದು ಎಂದೂ ತಿಳಿಯಬಹುದು, ಅಲ್ಲ ಎಂದೂ ತಿಳಿಯಬಹುದು. ಅಜ್ಜ ತಮಗೆ ಬೇಕಾದ ಹಾಗೆ ತಿಳಿದರು.

"ಖಾಲಿಪೀಲಿ ನಮ್ಮನ್ನ್ ಎಲ್ಲೆಲ್ಲಿಗೋ ದೂಡ್ತ್ರಲ್ಲ! ಮೊದ್ಲ್ ಒಂದ್ ತಾಲೂಕ್ ಅಂದ್ರ್, ಮತ್ತೆ ಇನ್ನೊಂದ್ ಅಂದ್ರ್. ಆಧಾರ್ ತಿದ್ದೂಕೆ ನಾಕ್ ಸಲ ಹೋಯ್ದೆ. ಇನ್ನೀಗ ಜಾಂಬೇಜಿಯಾ ಅಂಬ್ರ್!"

ನಗಬೇಡಿ. ತಾಲೂಕು ಒಡೆದಾಗ ಏನಾಯಿತೆಂದು ಅನುಭವಿಸಿದವರಿಗೆ ಗೊತ್ತು. ಒಂದು ಬೆಳಿಗ್ಗೆ ಎದ್ದರೆ ನಿಮ್ಮ ಮನೆ ಅಲ್ಲೇ ಇರುತ್ತದೆ, ಆದರೆ ನಿಮ್ಮ ಪಹಣಿ ಒಂದು ಕಡೆ, ರೇಷನ್ ಕಾರ್ಡು ಇನ್ನೊಂದು ಕಡೆ, ಹಳೆಯ ದಾಖಲೆ ಎರಡರ ನಡುವೆ ಯಾವುದೋ ಜೀಪಿನಲ್ಲಿ. ಅದನ್ನು ಒಮ್ಮೆ ಕಂಡವನಿಗೆ ಯಾವ ಹೊಸ ಹೆಸರು ಕೇಳಿದರೂ ಎದೆ ಧಸಕ್ ಅನ್ನುತ್ತದೆ.

ಅಜ್ಜ ಚಹಾದ ಅಂಗಡಿಗೆ ಹೋದರು. ಹನ್ನೊಂದು ಗಂಟೆಗೆ ಹತ್ತು ಜನ ಬಂದರು. ಹನ್ನೆರಡಕ್ಕೆ ನಲವತ್ತು ಜನ. ನನ್ನ ಮೌನ ವ್ರತ ಮುಗಿದಿತ್ತು, ಆದರೆ ನಾನು ಹೇಳುವುದನ್ನು ಕೇಳುವವರು ಇರಲಿಲ್ಲ. "ನಮ್ಮ ಊರನ್ನ್ ಜಾಂಬೇಜಿಯಾಕ್ಕೆ ಸೇರ್ಸೂಕಾಗ!" ಎಂದು ಕೂಗುತ್ತಿದ್ದರು. ಇಬ್ಬರು ಪಂಚಾಯತಿ ಸದಸ್ಯರೂ ಬಂದು ನಿಂತರು. ಜನ ಸೇರಿದ ಕಡೆ ನಿಲ್ಲುವುದು ಅವರ ಕೆಲಸ. ಒಬ್ಬ ನನ್ನ ಮುಖಕ್ಕೇ ಕೇಳಿದ: "ನಿಮ್ಗೆ ಜಾಂಬೇಜಿಯಾದವ್ರ್ ಎಷ್ಟ್ ಕೊಟ್ಟಿರ್?" ಇಪ್ಪತ್ತು ವರ್ಷದ ಹೋರಾಟದಲ್ಲಿ ನನ್ನ ಧರಣಿಗೆ ನಲವತ್ತು ಜನ ಸೇರಿದ್ದು ಅದೇ ಮೊದಲು. ಎಲ್ಲರೂ ನನ್ನ ವಿರುದ್ಧ.

ಅವರೇ ಒಂದು ಮನವಿ ಬರೆದು, ಸಾಲಾಗಿ ಸಹಿ ಹಾಕಿ, ಒಳಗೆ ಕೊಟ್ಟರು. ಅಕ್ಕನ ಕಡತ ಎಂಟು ತಿಂಗಳು ಮಲಗಿದ್ದ ಮೇಜಿನಲ್ಲೇ ಈ ಮನವಿ ಎರಡು ಗಂಟೆಯಲ್ಲಿ ಎದ್ದು ಓಡಾಡಿತು. ನಲವತ್ತು ಜನ ಬಾಗಿಲಲ್ಲಿ ನಿಂತರೆ ಕಡತಕ್ಕೆ ಕಾಲು ಬರುತ್ತದೆ. ಹೊರಗೆ ಪೊಲೀಸರು ಇಬ್ಬರು ಬಂದು ನಿಂತಿದ್ದರು. ಶಿರಸ್ತೇದಾರರು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು, ನನ್ನದೇ ಹಳೆಯ ಅರ್ಜಿಯಿಂದ ವಿವರ ತೆಗೆದು ಬರೆಸಿದ ಲಿಖಿತ ಉತ್ತರವನ್ನು ಜನರಿಗೆ ಓದಿ ಹೇಳಿದರು:

"ಮೊಜಾಂಬಿಕ್ ದೇಶದ ಜಾಂಬೇಜಿಯಾ ಪ್ರಾಂತ್ಯ, ಮೊಕುಬೆಲ ಜಿಲ್ಲೆ, ಬಜೋನೆ ಆಡಳಿತ ಠಾಣೆಯು ಹೊರದೇಶದಲ್ಲಿ ಇರುತ್ತದೆ. ಈ ಹಿಂದೆ ಮಗಾಂಜ ದ ಕೋಸ್ತ ಜಿಲ್ಲೆಯಲ್ಲಿದ್ದು, ಜಿಲ್ಲಾ ವಿಭಜನೆಯ ನಂತರ ಮೊಕುಬೆಲಕ್ಕೆ ಸೇರಿರುತ್ತದೆ. ತಮ್ಮ ಗ್ರಾಮವನ್ನು ಸದರಿ ಠಾಣೆಗೆ ಸೇರಿಸುವ ಯಾವುದೇ ಪ್ರಸ್ತಾವನೆ ಈ ಕಚೇರಿಯಲ್ಲಿ ಇರುವುದಿಲ್ಲ."

ಜನ ಚಪ್ಪಾಳೆ ತಟ್ಟಿದರು. ನಾನು ಕಟ್ಟೆಯಿಂದ ಹಾರಿದೆ.

"ಸರ್, ಅದ್ರದ್ದ್ ಒಂದ್ ಪ್ರತಿ ನಂಗೂ ಕೊಡಿ."

"ನಿಮಗೆಂತಕ್ಕೆ?"

"ಇಲ್ಲದ ಜಿಲ್ಲೆ ಇತ್ತ್ ಅಂದ್ ನೀವೇ ಸಹಿ ಹಾಕಿರಿಯಲೆ, ಅದ್ಕೆ."

ಅವರು ಕಾಗದ ನೋಡಿದರು. ನನ್ನನ್ನು ನೋಡಿದರು. ಮತ್ತೆ ಕಾಗದ ನೋಡಿದರು. ಜಗಳದಲ್ಲಿ ಗೆಲ್ಲುವ ಘಳಿಗೆ ಹೇಗಿರುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು, ಬಹಳ ನಿಶ್ಶಬ್ದವಾಗಿರುತ್ತದೆ. ಒಳಗೆ ಹೋಗಿ ಅಕ್ಕನ ಕಡತ ತರಿಸಿದರು. ಐದು ಚೌಕಗಳ ಕೆಳಗೆ ಷರಾ ಎಂದು ಒಂದು ಉದ್ದನೆಯ ಜಾಗ ಮೊದಲ ದಿನದಿಂದಲೂ ಖಾಲಿ ಇತ್ತು. ಬೇಕಾದ್ದನ್ನು ಬರೆಯುವ ಜಾಗ. ತಾವು ಜನರಿಗೆ ಕೊಟ್ಟ ಉತ್ತರದ ಮೊದಲ ಎರಡು ವಾಕ್ಯಗಳನ್ನು ಗುಮಾಸ್ತನಿಂದ ಅಲ್ಲಿ ಟೈಪ್ ಮಾಡಿಸಿದರು. ಏಳು ನಿಮಿಷದ ಕೆಲಸ.

ಒಂಬತ್ತನೆಯ ದಿನ ಪಹಣಿ ಅಕ್ಕನ ಹೆಸರಿಗೆ ಬಂತು. ಹತ್ತನೆಯ ದಿನ ಅಕ್ಕನ ಹೆಸರು ಮನೆ ಪಟ್ಟಿಗೆ ಸೇರಿತು. ಪಹಣಿ ಕೈಗೆ ಬಂದಾಗ ಅಕ್ಕ ಕಚೇರಿಯ ಮೆಟ್ಟಿಲ ಮೇಲೆ ಕೂತು ಗಂಡನ ಹೆಸರು ಇದ್ದ ಜಾಗದ ಮೇಲೆ ಬೆರಳಿಟ್ಟುಕೊಂಡರು. "ಈಗ ಹೋದ್ರ್, ಅಲ್ದಾ ಅಣ್ಣಯ್ಯ?" ಅಂದರು. ಹೌದು ಅಂದೆ. ಎಂಟು ತಿಂಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಮರುದಿನ ಬಸ್‌ಸ್ಟಾಪಿನಲ್ಲಿ ಬೊಂಬಾಯಿ ಅಜ್ಜ ಸಿಕ್ಕಿದರು. ಮುಖ ಸಣ್ಣದು ಮಾಡಿಕೊಂಡಿದ್ದರು. ಅಷ್ಟು ಹೊತ್ತಿಗೆ ಊರಿಡೀ ನಿಜ ಗೊತ್ತಾಗಿತ್ತು. ನಾನು ಅವರಿಗೆ ಎಲ್ಲ ಬಿಡಿಸಿ ಹೇಳಿದೆ: ಅಲ್ಲಿನ ಆ ಸಣ್ಣ ಅಧಿಕಾರಿ ಮಳೆಯಲ್ಲಿ ನಡೆದು ಹೋದದ್ದು, ಗೋರಿ ನೋಡಿದ್ದು, ಮೂರು ವಾರದಲ್ಲಿ ಉತ್ತರ ಬರೆದದ್ದು, ಗುರುತಿಲ್ಲದ ಹೆಂಗಸಿಗೆ ದುಃಖ ತಿಳಿಸಿದ್ದು.

ಎರಡು ಬಸ್ಸು ಹೋದವು, ಅಜ್ಜ ಹತ್ತಲಿಲ್ಲ. ಆಮೇಲೆ ಸುತ್ತ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದರು.

"ಹ್ವಾಯ್, ಊರಿನವ್ರಿಗೆ ಹೇಳ್ಬೇಡ. ನಾವ್ ಕೊಟ್ಟದ್ ಆ ಮನವಿ ವಾಪಾಸ್ ತಕಂಬುಕ್ ಆತ್ತಾ? ಇಡೀ ಊರ್ ಆತಿಲ್ಲೆ ಅಂದ್ರೆ ಬೇಡ. ನನ್ನ್ ಸರ್ವೆ ನಂಬರ್ ಒಂದಾರೂ ಜಾಂಬೇಜಿಯಾಕ್ಕೆ ಸೇರ್ಸೂಕೆ ಒಂದ್ ಅರ್ಜಿ ಬರ್ದ್ ಕೊಡ್."